ಉಣ್ಣೆ ಟೋಪಿಯ ಬೇಸಿಗೆ

ಅಕ್ಕನ ಮಗನ ತಲೆ ಹಿಂದುಗಡೆ ಬಲಕ್ಕೆ ಚಪ್ಪಟೆಯಾಗಿದೆ ಎಂದು ಮೊದಲು ಕಂಡುಹಿಡಿದವಳು ಅಜ್ಜಿ. ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ತಿಕ್ಕುವಾಗ ಅವಳ ಅಂಗೈಗೆ ಅದು ಗೊತ್ತಾಯಿತು. ನನ್ನನ್ನು ಕರೆದು ತಡವಿ ನೋಡು ಎಂದಳು. ತಡವಿದೆ.

"ಒಳ್ಳೇದೇ ಆಯ್ತು ಬುಡಜ್ಜಿ. ಇಟ್ಟ ಕಡೆ ಇರ್ತಾನೆ, ಉರುಳೋಗಲ್ಲ" ಎಂದೆ.

ಅಕ್ಕ ನಗಲಿಲ್ಲ. ಹೆರಿಗೆಗೆಂದು ಪಾಲಕೋಡಿನ ಕಡೆಯ ಗಂಡನ ಮನೆಯಿಂದ ಅದಿಯಮಾನ್‌ಕೋಟೆ ಪಕ್ಕದ ನಮ್ಮೂರಿಗೆ ಬಂದವಳು ಆಗಲೇ ಬಾಣಂತನ ಮುಗಿಸಿ ಬಹಳ ದಿನವಾಗಿತ್ತು. ತಮಿಳುನಾಡಿನ ಆ ಮೂಲೆಯಲ್ಲಿ ಎಪ್ಪತ್ತರ ಇಸವಿಯ ಆಚೀಚಿನ ಮಾತು ಇದು. ನಾನು ಎಸ್ಸೆಲ್ಸಿಯಲ್ಲಿ ಡುಮ್ಕಿ ಹೊಡೆದು, ಊರಿನವರ ದನಿಯನ್ನೆಲ್ಲ ಅಣಕಿಸುವುದನ್ನೇ ಉದ್ಯೋಗ ಮಾಡಿಕೊಂಡಿದ್ದೆ. ಸಂಬಳವಿಲ್ಲ, ಬೈಗುಳ ಮಾತ್ರ ದಿನಗೂಲಿಯ ಹಾಗೆ ತಪ್ಪದೆ ಸಿಗುತ್ತಿತ್ತು.

ತಪ್ಪು ಕುರಿಗಳದ್ದು. ತೊಲೆಗೆ ಕಟ್ಟಿದ್ದ ಸೀರೆಯ ಜೋಲಿಯ ಬಲಕ್ಕೆ ಬಾಗಿಲು, ಬಾಗಿಲಾಚೆ ಕುರಿ ದೊಡ್ಡಿ. ಕುರಿ ಅರಚಿದಾಗಲೆಲ್ಲ ಕೂಸು ಆ ಕಡೆಗೇ ತಲೆ ತಿರುಗಿಸಿ ಹಾಗೇ ನಿದ್ದೆ ಹೋಗುತ್ತಿತ್ತು.

ಬಸ್ಸು ಹತ್ತಿ ಸೇಲಂಗೆ ಹೋದೆವು. ಡಾಕ್ಟರು ಕೂಸಿನ ಕತ್ತನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿ, ಕಾಯಿಲೆಯೇನೂ ಇಲ್ಲ, ಎಳೆ ಮೂಳೆ, ಎದ್ದಿರುವಾಗೆಲ್ಲ ಎಡಕ್ಕೆ ನೋಡುವ ಹಾಗೆ ಮಾಡಿ, ಎತ್ತಿಕೊಳ್ಳಿ, ಕೂರುವುದಕ್ಕೆ ಕಲಿತರೆ ಮೆಲ್ಲಮೆಲ್ಲಗೆ ತುಂಬಿಕೊಳ್ಳುತ್ತದೆ ಎಂದು ತಮಿಳಿನಲ್ಲಿ ಹೇಳಿದರು. ಅಕ್ಕ ಕೇಳಿಸಿಕೊಂಡದ್ದು 'ಮೆಲ್ಲಮೆಲ್ಲಗೆ' ಎಂಬುದೊಂದನ್ನೇ. ವಾಪಸು ಬರುವಾಗ ಕಿಟಕಿಯ ಬಿಸಿಗಾಳಿಗೆ ಸೆರಗು ಅಡ್ಡ ಹಿಡಿದು, "ಮುಡಿ ಕೊಡೋ ಒತ್ತಿಗೆ ಸರಿ ಓಗ್ತದೇನ್ಲಾ?" ಎಂದು ಕೇಳಿದಳು.

ಅವಳ ಭಯ ನನಗೆ ಆಗ ಗೊತ್ತಾಯಿತು. ಮೊದಲ ಕೂದಲು ಗಂಡನ ಮನೆ ದೇವರಿಗೆ. ಸೋದರಮಾವನ ತೊಡೆಯ ಮೇಲೆ ಕೂರಿಸಿ ಬೋಳಿಸುತ್ತಾರೆ. ಆಮೇಲೆ ಬಂದ ನೆಂಟರೆಲ್ಲ ಆ ಬೋಳುತಲೆಯನ್ನು ಸವರುತ್ತಾರೆ. ಕೂದಲಿರುವ ತನಕ ಮುಚ್ಚಿಡಬಹುದು, ಆಮೇಲೆ ಆಗುವುದಿಲ್ಲ.

ಅಜ್ಜಿ ಡಾಕ್ಟರನ್ನು ನಂಬಲಿಲ್ಲ. ಸ್ವಂತ ಕುರಿಯ ಉಣ್ಣೆಯನ್ನು ಒತ್ತಾಗಿ ಸುತ್ತಿ ಸಿಂಬಿ ಮಾಡಿ, ಅದನ್ನು ಎರಡು ಪದರದ ಬಟ್ಟೆಯೊಳಗಿಟ್ಟು ಹೊಲಿದು, ಗದ್ದದ ಕೆಳಗೆ ಕಟ್ಟುವ ಟೋಪಿ ಒಂದಕ್ಕೆರಡು ತಯಾರಿಸಿದಳು. ಚಪ್ಪಟೆ ಜಾಗ ಸಿಂಬಿಯ ನಡುವೆ ಬಂದು, ಅದಕ್ಕೆ ಏನೂ ಒತ್ತಬಾರದು ಎಂಬುದು ಅವಳ ಲೆಕ್ಕ. ಬೇಸಿಗೆಯಲ್ಲಿ ಉಣ್ಣೆಯೇ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಸುಡುಬಿಸಿಲಲ್ಲಿ ಕಂಬಳಿ ಹೊದ್ದು ಕುರಿ ಕಾಯುವ ಮನೆ ನಮ್ಮದು. ಕಂಬಳಿ ಬಿಸಿಲನ್ನು ತಡೆಯುತ್ತದೆ ಎಂಬುದು ನಮಗೆ ತಾಯ ಹಾಲಿನಷ್ಟೇ ಖಾತ್ರಿ.

ನನಗೆ ಸಿಕ್ಕ ಕೆಲಸ ಜೋಲಿಯ ಎಡಗಡೆ ಕೂರುವುದು. ಕೂಸು ಬಲಕ್ಕೆ ತಿರುಗಿದ ಕೂಡಲೇ ಎಡದಿಂದ ದನಿ ತೆಗೆಯಬೇಕು. ಕುರಿಯಾದೆ, ಟಗರಾದೆ. ಟೌನ್ ಬಸ್ಸಿನ ಕಂಡಕ್ಟರಾಗಿ "ಎರಂಗು, ಎರಂಗು" ಎಂದು ಇಲ್ಲದ ಜನರನ್ನು ಇಳಿಸಿದೆ. ಎಲೆಯಡಿಕೆ ತುಂಬಿದ ಅಜ್ಜಿಯ ಬಾಯಾದೆ. ಮೊದಲೆರಡು ದಿನ ಮಜವಾಗಿತ್ತು. ಆಮೇಲೆ ಗಂಟಲು ಕಟ್ಟಿ, ಕುರಿಯ ದನಿಗೂ ಕಂಡಕ್ಟರನ ದನಿಗೂ ಫರಕಿಲ್ಲದಂತಾಯಿತು. ಕೂಸು ಮಾತ್ರ ನನ್ನನ್ನು ದಿಟ್ಟಿಸಿ ನೋಡಿ, ಆಕಳಿಸಿ, ಮತ್ತೆ ಬಲಕ್ಕೇ ತಿರುಗುತ್ತಿತ್ತು. ಇಂಥ ಸಭೆಯ ಮುಂದೆ ಯಾವ ಕಲಾವಿದನೂ ಉಳಿಯಲಾರ.

ಚೈತ್ರದ ಬಿಸಿಲು ಹೆಂಚಿನಿಂದ ಇಳಿದು ಒಳಗೇ ಬಿಡಾರ ಹೂಡಿತು. ಟೋಪಿ ಒದ್ದೆಯಾಗುತ್ತಿತ್ತು, ಬಿಚ್ಚಿ ಇನ್ನೊಂದು ಕಟ್ಟುತ್ತಿದ್ದೆವು, ಅದೂ ಒದ್ದೆ. ಬಾಗಿಲಿಗೆ ಗೋಣಿ ನೆನೆಸಿ ತೂಗುಹಾಕಿದೆವು. ತಾಳೆಗರಿಯ ಬೀಸಣಿಗೆ ನನ್ನ ಕೈಯಿಂದ ಅಜ್ಜಿಯ ಕೈಗೆ, ಅಜ್ಜಿಯ ಕೈಯಿಂದ ಅಕ್ಕನ ಕೈಗೆ ಹೋಗುತ್ತಲೇ ಇತ್ತು. ಕೂದಲಿನ ಬುಡದಲ್ಲಿ ಬೆವರುಸಾಲೆ ಎದ್ದು, ಕಿವಿಯ ಹಿಂದೆ ಕೆಂಪಗೆ ಹಬ್ಬಿತು. ಕೂಸು ಹಾಲು ಬಿಟ್ಟು ಟೋಪಿಯನ್ನು ಪರಚುತ್ತಾ ಅಳುತ್ತಿತ್ತು. ಅಕ್ಕನ ಕಣ್ಣು ಗುಳಿಬಿದ್ದವು. ಕೂತಲ್ಲೇ ತೂಕಡಿಸುತ್ತಾ, ನಿದ್ದೆಯಲ್ಲೂ ಬೀಸುತ್ತಿದ್ದಳು.

"ಟೋಪಿ ತೆಗ್ದಾಕಕ್ಕಾ. ಪಾವಂ, ಬೇಯ್ತಾ ಐತೆ ಅದು" ಎಂದೆ.

"ತೆಗ್ದು? ನಾಳೆ ನಮ್ಮತ್ತೆ ತಲೆ ಸವರಿ ಏನಾರ ಅಂದ್ರೆ ನೀನು ಉತ್ತರ ಏಳ್ತೀಯಾ?"

"ಏಳ್ತೀನಿ. ಅವ್ರ ದನೀಲೇ ಏಳ್ತೀನಿ."

ಬೀಸಣಿಗೆಯಲ್ಲೇ ಹೊಡೆದಳು. ಹೊಡೆತದಲ್ಲೂ ಸತ್ವವಿರಲಿಲ್ಲ.

ಆ ಅತ್ತೆ ಮೊಮ್ಮಗನನ್ನು ನೋಡಲು ಒಂದು ಮಧ್ಯಾಹ್ನ ಹೇಳದೆ ಕೇಳದೆ ಬಂದೇಬಿಟ್ಟರು. ಒಂದು ಬುಟ್ಟಿ ಟೊಮೇಟೊ ಕೆಳಗಿಳಿಸಿ, ನೀರೂ ಕುಡಿಯದೆ ಜೋಲಿಗೆ ಕೈ ಹಾಕಿದರು. ಅಕ್ಕ ಎದ್ದು ಅಡ್ಡ ನಿಂತಳು.

"ಈಗ ತಾನೆ ಮಲಗ್ತು ಅತ್ತೆ."

"ಮಲಗಿರೋ ಕೂಸು ಇಂಗೆ ಅರಚ್ತದಾ? ಸರಿ ಅತ್ತ."

ಅವರು ಕೂಸನ್ನೆತ್ತಿ ಗದ್ದದ ಗಂಟು ಬಿಚ್ಚಿದರು. ಟೋಪಿಯನ್ನು ಮೂಸಿ, ಸಿಂಬಿಯನ್ನು ಹಿಸುಕಿ ನೋಡಿದರು. ಆಮೇಲೆ ತಲೆಯ ಮೇಲೆ ಕೈಯಾಡಿಸಿದರು. ಕೈ ಬಲಕ್ಕೆ ಬಂದು ನಿಂತಿತು. ಅಕ್ಕ ನನ್ನ ಕಡೆ ನೋಡಿದಳು. ನನಗೆ ಯಾರ ದನಿಯೂ ಬರಲಿಲ್ಲ.

"ತಟ್ಟೆಯಂಗೆ ಆಗೈತೆ" ಎಂದರು ಅತ್ತೆ.

"ಊ" ಎಂದಳು ಅಕ್ಕ.

"ಅದುಕ್ಕೆ ಕೂಸಿನ ತಲೇನ ಕಂಬಳಿ ಒಳಗಿಟ್ಟು ಬೇಯ್ಸಾದಾ? ಉಣ್ಣೋದು ಮುಂದ್ಗಡೆಯಿಂದ ತಾನೆ? ಇಂದ್ಗಡೆ ಎಂಗಿದ್ರೇನು?" ಅಜ್ಜಿಯ ಕಡೆ ತಿರುಗಿದರು. "ನೀವು ದೊಡ್ಡೋರು. ಕುರಿಗೇ ಬೇಸಿಗೇಲಿ ಉಣ್ಣೆ ಕತ್ತರಿಸ್ತೀರಲ್ಲ, ಇದುಕ್ಕೆ ತೊಡಿಸಿದ್ದೀರಾ?"

ಅಜ್ಜಿ ಎಲೆಯಡಿಕೆ ಚೀಲ ಹುಡುಕತೊಡಗಿದಳು.

ಕೂದಲು ತೆಗೆಸಿ, ಗಾಳಿಯಾಡಲಿ ಎಂದು ಅತ್ತೆಯೇ ತೀರ್ಮಾನಿಸಿದರು. ದೇವರಿಗೆ ಬೇಕಾದ ಕೂದಲನ್ನು ಬಟ್ಟೆಯಲ್ಲಿ ಕಟ್ಟಿ ತಾವೇ ಒಯ್ಯುವುದಾಗಿ ಹೇಳಿದರು. ಕ್ಷೌರದವನು ಬಂದ. ನಾನು ಬೇವಿನ ನೆರಳಲ್ಲಿ ಚಕ್ಕಳಬಕ್ಕಳ ಹಾಕಿ ಕೂತೆ, ಕೂಸನ್ನು ತೊಡೆಗೆ ಕೊಟ್ಟರು. ಬೆವರುಸಾಲೆಯ ಮೇಲೆ ಕತ್ತಿ ತಾಕದ ಹಾಗೆ ಅವನು ತಡೆತಡೆದು, ಕೆಲವು ಕಡೆ ಕತ್ತರಿಯಲ್ಲೇ ತೆಗೆದ. ಕೂಸು ಅತ್ತು ಅತ್ತು, ಅರ್ಧ ತಲೆ ಮುಗಿಯುವಷ್ಟರಲ್ಲಿ ಸುಮ್ಮನಾಯಿತು. ಗಾಳಿ ತಾಕಿತ್ತೋ ಏನೋ.

ಚಪ್ಪಟೆ ಈಗ ಎಲ್ಲರಿಗೂ ಕಾಣುತ್ತಿತ್ತು. ಸೇಲಂಗೆ ಹೋದಾಗ ಇದ್ದದ್ದಕ್ಕಿಂತ ಕಡಿಮೆಯೂ ಆಗಿರಲಿಲ್ಲ. ಅತ್ತೆ ತಣ್ಣನೆ ನೀರಲ್ಲಿ ಬಟ್ಟೆ ಅದ್ದಿ ಒರೆಸಿದರು.

"ಕಮ್ಮಿ ಆಗೈತೇನ್ಲಾ?" ಅಕ್ಕ ಪಿಸುಗುಟ್ಟಿದಳು.

"ಇಲ್ಲ ಕಣಕ್ಕಾ" ಎಂದೆ.

ಅವಳು ತಲೆಯಾಡಿಸಿದಳು. ಕೂಸು ನನ್ನ ತೊಡೆಯ ಮೇಲೆ ಬಾಯಿ ತೆರೆದು ನಿದ್ದೆ ಹೋಗಿತ್ತು. ಪಕ್ಕದಲ್ಲೇ, ಬರಿ ನೆಲದ ಮೇಲೆ, ಅತ್ತೆಯ ಎದುರಿಗೇ ಅಕ್ಕ ಕಾಲು ಚಾಚಿ ಮಲಗಿಬಿಟ್ಟಳು. ಏಳಿಸಬೇಡ ಎಂದು ಅತ್ತೆ ನನಗೆ ಬೆರಳಾಡಿಸಿದರು. ನನ್ನ ಕಾಲು ಜೋಮು ಹಿಡಿದಿತ್ತು. ಹಾಗೇ ಕೂತಿದ್ದೆ.