ಪೂಜೆಯಾದ ಡಬ್ಬ

ಆ ಡಬ್ಬದಲ್ಲಿದ್ದ ಪೆಟ್ರೋಲು ಕದ್ದವನು ನಾನು. ಅದರಲ್ಲಿ ಸೀಮೆಎಣ್ಣೆ ತುಂಬಿ, ಮುಚ್ಚಳ ಬಿಗಿದು, ಇದ್ದ ಜಾಗದಲ್ಲೇ ಇಟ್ಟವನೂ ನಾನು. ಗಫಾರ್ ಸಾಬ್ರೇ, ನೀವಲ್ಲ. ಮದ್ದೂರಿನ ಪೇಟೆ ಇಷ್ಟು ವರ್ಷ ನಿಮ್ಮ ಹೆಸರಿಗೆ ಅಂಟಿಸಿದ ಕಳ್ಳತನ ನನ್ನದು. ಇದನ್ನು ಹೇಳುವುದಕ್ಕೆ ಯುದ್ಧ ಮುಗಿಯಬೇಕಾಯಿತು, ಅವ್ವ ಸಾಯಬೇಕಾಯಿತು — ಥೂ, ನೋಡಿ, ಇಲ್ಲೂ ನೆಪ ಹುಡುಕುತ್ತಿದ್ದೇನೆ. ಯಾವುದೂ ಆಗಬೇಕಿರಲಿಲ್ಲ. ಬಾಯಿತ್ತು, ಹೇಳಲಿಲ್ಲ, ಅಷ್ಟೆ.

ನಮ್ಮ ದೊಡ್ಡಣ್ಣನ ಮೋಟಾರು ಎಂಥದ್ದೆಂದು ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ. ಮದ್ದೂರಿಗೂ ಮಳವಳ್ಳಿಗೂ ನಡುವೆ ಬಸ್ಸಾಗಿ ಓಡಿ ಓಡಿ ಸವೆದಿದ್ದ ಗಾಡಿ. ಮೈಲಿ ತೋರಿಸುವ ಮುಳ್ಳು ಎಂದೋ ಸುಸ್ತಾಗಿ ನಿಂತುಬಿಟ್ಟಿತ್ತು. ಯುದ್ಧದ ಕಾಲ, ಪೆಟ್ರೋಲಿಗೆ ಕೂಪನ್ನು. ಎಲ್ಲ ಬಸ್ಸುಗಳಿಗೆ ಮಾಡಿದಂತೆ ಅದರ ಬೆನ್ನಿಗೂ ಇದ್ದಿಲಿನ ಗ್ಯಾಸು ಹುಟ್ಟಿಸುವ ಪೀಪಾಯಿ ಕಟ್ಟಿದ್ದಿರಿ. ಒಂದಿಷ್ಟು ಪೆಟ್ರೋಲಿನಲ್ಲಿ ಎಂಜಿನ್ನು ಎಬ್ಬಿಸಿ, ಆಮೇಲೆ ಇದ್ದಿಲಿನ ಗ್ಯಾಸಿಗೆ ಬಿಡುವುದು. ಅಂಥ ಗಾಡಿಯಲ್ಲಿ ದೊಡ್ಡಣ್ಣ ಅವ್ವನನ್ನು ಕೂರಿಸಿಕೊಂಡು ಉತ್ತರಕ್ಕೆ, ಕೃಷ್ಣಾ ಹೊಳೆಯಾಚೆ, ಸುರಪುರದ ಕಡೆಗೆ ಹೊರಟು ನಿಂತ. ನಮ್ಮ ತಂಗಿ ಗೌರಿಯ ಗಂಡ ಅಲ್ಲಿ ರಸ್ತೆ ಕೆಲಸದ ಓವರ್‌ಸೀಯರು. ಚೊಚ್ಚಲ ಬಸುರಿಯನ್ನು ತವರಿಗೆ ಕರೆತರಬೇಕು. ರೈಲು ಆ ಊರಿನಿಂದ ಎಷ್ಟೋ ದೂರ, ನಡುವೆ ಬರೀ ಎರೆಮಣ್ಣು, ಮಳೆ ಬಿದ್ದರೆ ಚಕ್ರ ಹೂತುಹೋಗುವ ಕಪ್ಪು ನೆಲ.

ಆಗುವುದಿಲ್ಲ ಎಂದವರೇ ಎಲ್ಲ. ನೀವೊಬ್ಬರೇ, ಆಗುತ್ತದೆ, ಆದರೆ ನಾನು ಹೇಳಿದ ಹಾಗೆ ಸಜ್ಜು ಮಾಡಬೇಕು ಎಂದಿರಿ. ಮದ್ದೂರಿನ ನಿಮ್ಮ ರಿಪೇರಿ ಅಂಗಡಿ ಮುಚ್ಚಿಕೊಂಡು ನಮ್ಮ ಹಳ್ಳಿಗೇ ಬಂದು ಕಣದಲ್ಲಿ ಬಿಡಾರ ಹೂಡಿದಿರಿ. ಮುರಿದ ಸ್ಪ್ರಿಂಗು ಬಿಚ್ಚಿ ಹೊಸ ಪಟ್ಟಿ ಸೇರಿಸಿದಿರಿ. ಹೊಸ ಟೈರು ಕಣ್ಣಿಗೂ ಕಾಣದ ಕಾಲ — ಹಳೇ ಟೈರು ಕೊಯ್ದು ಒಳಗೆ ತೇಪೆ ಕೊಟ್ಟಿರಿ. ಇದ್ದಿಲು ಜರಡಿ ಹಿಡಿದು ಮೂಟೆ ಕಟ್ಟಿದಿರಿ. ಕೆಸರಿನಲ್ಲಿ ಚಕ್ರದಡಿ ಹಾಕಲು ಹಲಗೆ, ಗೋಣಿಚೀಲ, ನೀರಿನ ಡಬ್ಬ, ಸನಿಕೆ, ಎಲ್ಲ ಹೊಂದಿಸಿದಿರಿ. ಎಂಜಿನ್ನು ಎಬ್ಬಿಸುವಷ್ಟು ಪೆಟ್ರೋಲು ಟ್ಯಾಂಕಿನಲ್ಲಿ ಬೇರೆ ಇತ್ತು; ಕೊನೆಗೆ, ಕಷ್ಟಕಾಲಕ್ಕೆಂದು ಆ ಪೆಟ್ರೋಲಿನ ಡಬ್ಬ. ನಮ್ಮ ಕೂಪನ್ನು ಸಾಲದೆ, ನಿಮ್ಮ ಅಂಗಡಿಯ ಪಾಲಿನದನ್ನೂ ಸುರಿದು ಅದನ್ನು ತುಂಬಿಸಿದಿರಿ.

"ಒಳೆ ದಾಟಿದ ಮ್ಯಾಲೆ ಮಳೆ ಬಂದು ಇದ್ದಿಲು ನೆಂದ್ರೆ ಇದೊಂದೇ ದಿಕ್ಕು ಗೌಡ್ರೇ. ಅಲ್ಲೀಗಂಟ ಯಾರೂ ಮುಟ್ಬ್ಯಾಡಿ," ಎಂದು ದೊಡ್ಡಣ್ಣನಿಗೆ ಹೇಳಿದಿರಿ. ನಾನು ಪಕ್ಕದಲ್ಲೇ ನಿಂತಿದ್ದೆ. ಕೇಳಿಸಿಕೊಂಡೆ. ಗೊತ್ತಿಲ್ಲದೆ ಮಾಡಿದೆ ಎನ್ನುವ ದಾರಿಯೂ ನನಗಿಲ್ಲ.

ಯಾತಕ್ಕೆ ಕದ್ದೆ ಗೊತ್ತೇ? ಶಿವನಸಮುದ್ರಕ್ಕೆ ಹೋಗುವುದಕ್ಕೆ. ಮಳವಳ್ಳಿಯ ಗೆಳೆಯನೊಬ್ಬನ ಹತ್ತಿರ ಮೋಟಾರ್ ಸೈಕಲ್ಲಿತ್ತು, ಪೆಟ್ರೋಲು ಇರಲಿಲ್ಲ. ನಾನು ತರುತ್ತೇನೆ ಎಂದು ಮೀಸೆ ತಿರುವಿದೆ. ನೀರು ಬೀಳುವುದನ್ನು ನೋಡಲು! ಬಸುರಿ ತಂಗಿಯ ದಾರಿಗೆಂದು ಇಟ್ಟ ಎಣ್ಣೆ, ದಂಡೆಯ ಮೇಲೆ ಕೂತು ಹಲ್ಲು ಕಿಸಿಯುವುದಕ್ಕೆ ಉರಿದುಹೋಯಿತು. ಬೇರೆ ತಂದು ತುಂಬಿಸೋಣ ಎಂದುಕೊಂಡಿದ್ದೆ — ಅನ್ನಿಸುತ್ತದೆ. ಎಲ್ಲಿಂದ ತರುತ್ತಿದ್ದೆ? ಡಬ್ಬ ಹಗುರವಾದರೆ ತಿಳಿಯುತ್ತದಲ್ಲ ಎಂದು ಅಡುಗೆಮನೆಯ ಸೀಮೆಎಣ್ಣೆ ಸುರಿದೆ.

ಹೊರಡುವ ಬೆಳಿಗ್ಗೆ ಅವ್ವ ಗಾಡಿಗೆ ಪೂಜೆ ಮಾಡಿದಳು. ದೂರದ ದಾರಿಯೆಂದು ಗಾಡಿಗಷ್ಟೇ ಅಲ್ಲ, ಹಲಗೆಗೂ ಡಬ್ಬಕ್ಕೂ ವಿಭೂತಿ, ಕುಂಕುಮ ಹಚ್ಚಿದಳು. ಡಬ್ಬದ ಕತ್ತಿಗೆ ಅರಿಶಿನದ ಕೊಂಬಿನ ದಾರ ಕಟ್ಟಿದಳು. ನಮ್ಮಲ್ಲಿ ಪೂಜೆ ಮಾಡಿ ಕಟ್ಟಿದ್ದನ್ನು ಗಾಡಿ ದಾರಿ ಹಿಡಿಯುವ ತನಕ ಬಿಚ್ಚುವುದಿಲ್ಲ. ಬಿಚ್ಚಿದರೆ ಹೊರಟ ಕೆಲಸ ಕೆಡುತ್ತದೆ ಎಂದು ಮಾತು. ಸಜ್ಜು ಮುಗಿಸಿ ಮದ್ದೂರಿಗೆ ಮರಳಿದ್ದ ನೀವು ಅದೇ ಹೊತ್ತಿಗೆ ಬಸ್ಸಿಳಿದು ಬಂದಿರಿ. ನಿಮ್ಮ ಪದ್ಧತಿ ನಿಮ್ಮದು — ದೂರ ಹೋಗುವ ಗಾಡಿ ಹೊರಡುವ ಮುನ್ನ ಡಬ್ಬದ ಎಣ್ಣೆಯನ್ನು ಬೆರಳಿಗೆ ಅದ್ದಿ ಮೂಸಿ ನೋಡಲೇಬೇಕು. ಡಬ್ಬದ ಕಡೆಗೆ ಕೈ ಚಾಚಿದಿರಿ.

ನಾನು ಅಡ್ಡ ನಿಂತು ಹೇಳಿದೆ: "ಪೂಜೆ ಆಗೋಯ್ತು ಸಾಬ್ರೇ. ಇನ್ನ ನೀವು ಮುಟ್ಬ್ಯಾಡಿ."

ಇನ್ನು ಯಾರೂ ಮುಟ್ಟಬಾರದು ಎನ್ನಬಹುದಿತ್ತು. 'ನೀವು' ಎಂದೆ. ಎಂದದ್ದು ಬೇಕೆಂದೇ. ಆ ಮಾತಿಗೆ ನೀವು ಹಿಂದೆ ಸರಿಯುತ್ತೀರಿ ಎಂದು ನನಗೆ ಗೊತ್ತಿತ್ತು. ಆ ಗಾಡಿಯಲ್ಲಿ ನಿಮ್ಮ ಕೈ ತಾಗದ ಒಂದು ಮೊಳೆಯಿರಲಿಲ್ಲ. ಅವ್ವನ ದೇವರಿಗೆ ಅದರಿಂದ ಮೈಲಿಗೆಯಾಗಿರಲಿಲ್ಲ. ನನ್ನ ಕಳ್ಳತನ ಮುಚ್ಚುವುದಕ್ಕೆ ದೇವರನ್ನೂ ನಿಮ್ಮ ಜಾತಿಯನ್ನೂ ಒಂದೇ ಉಸಿರಿಗೆ ಎಳೆದುಕೊಂಡೆ. ಅವ್ವ ಪಾಪ, ಹೌದು ಸಾಬಣ್ಣ, ಕಟ್ಟಿದ್ದು ಬಿಚ್ಚುವುದು ಬೇಡ ಎಂದಳು. ನೀವು ಕೈ ಹಿಂದಕ್ಕೆ ತೆಗೆದುಕೊಂಡಿರಿ. ದೊಡ್ಡಣ್ಣ ಮುಂದೆ ಕೂತು ಹ್ಯಾಂಡಲ್ ಹೊಡೆಯಲು ಕೂಗುತ್ತಿದ್ದ, ಅವನಿಗೆ ಇದೊಂದೂ ತಿಳಿಯಲಿಲ್ಲ.

ಹೋಗುವಾಗ ಗಾಡಿ ಒಂದು ಸಾರಿಯೂ ಕೈ ಕೊಡಲಿಲ್ಲವಂತೆ. ಗೌರಿಯನ್ನು ಕೂರಿಸಿಕೊಂಡು ವಾಪಸು ಹೊರಟ ಮೇಲೆ, ಹೊಳೆಯ ಇನ್ನೂ ಆಚೆಯೇ, ಮಳೆ ಹಿಡಿಯಿತು. ಇದ್ದಿಲು ನೆನೆದು ಗ್ಯಾಸು ನಿಂತಿತು. ದೊಡ್ಡಣ್ಣ ಧೈರ್ಯವಾಗಿ ಅರಿಶಿನದ ದಾರ ಹರಿದು ಡಬ್ಬ ಬಿಚ್ಚಿ ಸುರಿದ. ಎಂಜಿನ್ನು ಹೊಗೆ ಕಕ್ಕಿ ಸತ್ತೇ ಹೋಯಿತು. ಮೂಸಿ ನೋಡಿದರೆ ಡಬ್ಬದಲ್ಲಿದ್ದದ್ದು ಸೀಮೆಎಣ್ಣೆ. ಸುತ್ತ ಎಲ್ಲೂ ಊರಿಲ್ಲ. ಎತ್ತು ಹುಡುಕಿಕೊಂಡು ಅವನು ಕೆಸರಲ್ಲಿ ನಡೆದು ಹೋಗಿ ಬರುವಷ್ಟರಲ್ಲಿ ಗೌರಿಗೆ ದಿನ ತುಂಬುವ ಮುಂಚೆಯೇ ನೋವು ಬಂದು, ಗಾಡಿಯೊಳಗೇ ಹೆರಿಗೆಯಾಗಿ, ಮಗು — ಗಂಡುಮಗು — ಅಳಲೇ ಇಲ್ಲ. ಜೊತೆಗಿದ್ದ ಅವ್ವ ತನ್ನ ಸೆರಗಿನಲ್ಲಿ ಸುತ್ತಿ ಅಲ್ಲೇ ಎರೆಮಣ್ಣಿಗೆ ಕೊಟ್ಟಳು.

ಊರಿಗೆ ಬಂದವನೇ ದೊಡ್ಡಣ್ಣ ನನ್ನನ್ನೂ ಎಳೆದುಕೊಂಡು ಮದ್ದೂರಿಗೆ, ನಿಮ್ಮ ಅಂಗಡಿಯ ಮುಂದಕ್ಕೆ ಬಂದ. ನಿಮ್ಮ ಕೈ ತಡೆದದ್ದನ್ನು ಕಂಡಿದ್ದ ಅವ್ವ ಗೌರಿಯ ಹತ್ತಿರ ಹಳ್ಳಿಯಲ್ಲೇ ಉಳಿದಿದ್ದಳು. ಪೇಟೆಯ ಜನ ಸೇರಿತು. ಎಲ್ಲರೆದುರು ನನ್ನನ್ನು ಕೇಳಿದ: "ಡಬ್ಬ ತುಂಬ್ದೋನು ಯಾರ್ಲಾ?"

"ಗಫಾರ್ ಸಾಬ್ರು," ಎಂದೆ.

ಸುಳ್ಳಲ್ಲ ನೋಡಿ! ತುಂಬಿದ್ದು ನೀವೇ. ಇಂಥ ನಿಜ ಹೇಳುವ ನಾಲಿಗೆಗೆ ಹುಳ ಬೀಳಲಿಲ್ಲ. ಕಾಳಸಂತೆಗೆ ಮಾರಿಕೊಂಡಿದ್ದಾನೆ ಎಂದ ಒಬ್ಬ. ಹೊರಡುವಾಗ ಮೂಸಿ ನೋಡುವವನು ಅವತ್ತು ಮಾತ್ರ ಯಾಕೆ ನೋಡಲಿಲ್ಲ ಎಂದ ಇನ್ನೊಬ್ಬ. ಆಗ ನೀವು ನನ್ನ ಕಡೆ ತಿರುಗಿದಿರಿ.

"ಚಿಕ್ಕಗೌಡ್ರೇ, ನಾನು ಬಿಚ್ಚಕ್ಕೆ ಓಗಿದ್ದು ನೀವು ಕಂಡಿದೀರಿ. ಅದನ್ನ ಇವ್ರಿಗೆ ಏಳಿ."

ನಾನು ನೆಲ ನೋಡಿದೆ. ಅಷ್ಟೇ ಸಾಕಾಯಿತು ಆ ಪೇಟೆಗೆ. ವರ್ಷಗಟ್ಟಲೆ ನಿಮ್ಮಿಂದ ಗಾಡಿ ರಿಪೇರಿ ಮಾಡಿಸಿಕೊಂಡವರು, ಬಾಯ್ತುಂಬ ಸಾಬಣ್ಣ ಎಂದವರು — ಒಬ್ಬರಾದರೂ ಇನ್ನೊಂದು ಮಾತು ಕೇಳಬಾರದಿತ್ತೇ? ಅವರಿಗೆ ಬೈಯುವ ಹಕ್ಕು ನನಗಿಲ್ಲ, ಗೊತ್ತು. ಆದರೂ ಬೈಯುತ್ತೇನೆ. ಗಾಡಿಗಳು ನಿಮ್ಮ ಅಂಗಡಿ ದಾಟಿ ಮುಂದೆ ಹೋದವು. ನೀವು ಬಾಗಿಲು ಹಾಕಿಕೊಂಡು ಹನಕೆರೆಗೆ ಹೋದಿರಿ. ಎಂಜಿನ್ನಿನ ಎದೆ ಬಡಿತ ಕೇಳಿ ರೋಗ ಹೇಳುತ್ತಿದ್ದ ನೀವು ಸ್ಟೇಷನ್ನಿನ ಹತ್ತಿರ ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಬಿಗಿಯುತ್ತಿದ್ದೀರಿ. ರೈಲಿನಿಂದ ಎರಡು ಸಾರಿ ನೋಡಿದೆ. ಇಳಿಯಲಿಲ್ಲ.

ಹೋದ ವಾರ ದೊಡ್ಡಣ್ಣನಿಗೆ ಹೇಳಿದೆ. ಹೊಡೆಯುತ್ತಾನೆ ಎಂದುಕೊಂಡಿದ್ದೆ, ಹೊಡೆದಿದ್ದರೆ ಚೆನ್ನಾಗಿತ್ತು. ಅವನು ಎಲೆಗೆ ಸುಣ್ಣ ಸವರುತ್ತಲೇ, "ನಂಗೆ ಆವತ್ತೇ ಅನ್ಸಿತ್ತು ಕಣ್ಲಾ. ಅಡುಗೆಮನೇಲಿ ಸೀಮೆಎಣ್ಣೆ ಕಮ್ಮಿ ಆಗಿತ್ತು ಅಂತ ಅವ್ವ ಅಂದಿದ್ಲು. ಮನೆ ಮರ್ವಾದೆ ಅಲ್ವಾ, ಬುಡು," ಎಂದ. ಬಿಡಬೇಕಂತೆ! ಒಬ್ಬ ಮನುಷ್ಯನ ಬದುಕು ಕಿತ್ತು ನಮ್ಮ ಬಾಗಿಲಿಗೆ ತೋರಣ ಕಟ್ಟಿಕೊಂಡಿದ್ದೇವೆ, ಅದರ ಹೆಸರು ಮರ್ಯಾದೆ. ಗೌರಿಗೆ ಮಾತ್ರ ಹೇಳಬೇಡ ಎಂದು ಆಣೆ ಕೇಳಿದ. ಕೊಡಲಿಲ್ಲ.

ತವರಿಗೆ ಬಂದಿರುವ ಗೌರಿಗೆ ನಿನ್ನೆ ಹೇಳಿದೆ. ಆಮೇಲೆ ಅವಳಿಗೆ ಮಕ್ಕಳಾಗಲಿಲ್ಲ, ಅದು ನಿಮಗೆ ಗೊತ್ತಿರಲಾರದು. ಮೊರದಲ್ಲಿದ್ದ ಅಕ್ಕಿಯನ್ನು ಅವಳು ಪಕ್ಕಕ್ಕಿಟ್ಟಳು. ನನ್ನ ಮುಖ ನೋಡಲಿಲ್ಲ.

"ಇಷ್ಟ್ ವರ್ಸ ಮಣ್ಣು ತೂರಿ ಸಾಪ ಆಕಿದ್ನಲ್ಲಣ್ಣ, ಆವಪ್ಪನಿಗೆ," ಎಂದಳು. ಎದ್ದು ಸೆರಗು ಕೊಡವಿಕೊಂಡು ಮತ್ತೆ, "ನಡಿ, ನಾನೂ ಬತ್ತೀನಿ. ನಿಂಗೋಸ್ಕರ ಅಲ್ಲ."

ಸಾಬ್ರೇ, ನಾಳೆ ನಾವಿಬ್ಬರೂ ಹೊರಡುತ್ತೇವೆ. ಮೊದಲು ಮದ್ದೂರಿನಲ್ಲಿ, ನಿಮ್ಮ ಹಳೆಯ ಅಂಗಡಿಯ ಮುಂದೆ ನಿಂತು, ಡಬ್ಬ ತುಂಬಿದವರು ಯಾರು, ಬರಿದು ಮಾಡಿದವನು ಯಾರು, ಬಿಚ್ಚಬೇಡಿ ಎಂದವನು ಯಾರು ಎಂದು ಕೂಗಿ ಹೇಳುತ್ತೇನೆ. ಆಮೇಲೆ ಹನಕೆರೆಯಲ್ಲಿ ಇಳಿಯುತ್ತೇವೆ. ಗೌರಿ ತನ್ನ ಶಾಪ ವಾಪಸು ತೆಗೆದುಕೊಳ್ಳಲು ಬರುತ್ತಿದ್ದಾಳೆ, ಅವಳನ್ನು ಒಳಗೆ ಕರೆಯಿರಿ. ನನ್ನನ್ನು ಕರೆಯಬೇಡಿ. ನಾನು ಹೊರಗೇ ನಿಂತಿರುತ್ತೇನೆ.