ಬದುವಿನ ಮೇಲಿನ ಚಿಲುಮೆ

ಮೇಲವಂಕಿಯ ಲಗಮಪ್ಪನಿಗೂ ಬಾಜೂ ಹೊಲದ ಸತ್ತೆಪ್ಪನಿಗೂ ನಡುವಿನ ಬದುವಿನ ಸಲುವಾಗಿ ಹನ್ನೊಂದು ವರ್ಷದಿಂದ ಗೋಕಾಕದ ಕೋರ್ಟಿನಲ್ಲಿ ಕೇಸು ನಡೆದಿದೆ. ಆದರೂ ದಿನಾ ಮುಂಜಾನೆ ಇಬ್ಬರೂ ಅದೇ ಬದುವಿನ ಮೇಲೆ ಕೂತು ಒಂದೇ ಚಿಲುಮೆ ಸೇದುತ್ತಾರೆ. ಚಿಲುಮೆ, ತಂಬಾಕು ಲಗಮಪ್ಪನವು. ಕಡ್ಡಿಪೆಟ್ಟಿಗೆ, ಚಿಲುಮೆಯ ಬುಡಕ್ಕೆ ಸುತ್ತುವ ಹಸಿ ಅರಿವೆ ಸತ್ತೆಪ್ಪನವು. ಮೊನ್ನೆ ತಾರೀಖಿಗೆ ಹೋದಾಗ ಕೋರ್ಟಿನೆದುರಿನ ಬೇವಿನ ಮರದ ಕೆಳಗೂ ಹಾಗೆಯೇ ಕೂತರು.

ಅದನ್ನು ಕಂಡು ಲಗಮಪ್ಪನ ವಕೀಲರ ಮೈ ಉರಿಯಿತು. "ಇದನ್ನರ ಬಿಡ್ರಿ, ಇಲ್ಲಾ ಕೇಸನ್ನರ ಬಿಡ್ರಿ."

"ಎರಡೂ ಬಿಡಂಗಿಲ್ರಿ," ಎಂದ ಲಗಮಪ್ಪ. "ಬದು ನಂದೈತಿ, ಒಂದ್ ಗೇಣೂ ಕೊಡಂಗಿಲ್ಲ. ಆದ್ರ ಚಿಲಿಮಿ ಒಬ್ಬಾಂವನ ಸೇದಬಾರದಂತ ನಮ್ಮಪ್ಪ ಹೇಳ್ಯಾನ."

ಚಿಲುಮೆಯನ್ನು ಸತ್ತೆಪ್ಪನತ್ತ ಚಾಚಿದ. ಸತ್ತೆಪ್ಪ ಎರಡೂ ಕೈಯಲ್ಲಿ ಇಸಿದುಕೊಂಡು, "ಬದು ನಂದು," ಎಂದು ಹೇಳಿಯೇ ದಮ್ಮು ಎಳೆದ.