ಅವ್ವನ ಫೋನು ನಿಂತಾಗ

ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಜಾರಿ ಬಿದ್ದು ನನ್ನ ಎಡಗಾಲಿನ ಎಲುಬು ಮುರಿಯಿತು. ಕೊಲ್ಹಾಪುರದಲ್ಲಿ ಆಪರೇಷನ್ ಮಾಡಿ ರಾಡ್ ಹಾಕಿದರು. "ಮಾವಶಿ, ಪಾಯ ಟೇಕವಾಯಚಾ ನಾಹೀ," ಎಂದರು ಡಾಕ್ಟರು, ಕಾಲು ನೆಲಕ್ಕೆ ಊರಲೇಬಾರದು ಎಂದು. ಕೊರೋಚಿಯ ಮನೆಗೆ ಬಂದ ಮೇಲೆ ಪಡಸಾಲೆಯ ಮಂಚವೇ ನನ್ನ ಲೋಕವಾಯಿತು. ಹಿಂದಿನ ಶೆಡ್ಡಿನಲ್ಲಿ ನಮ್ಮ ಮಗ್ಗಗಳು ಖಟಖಟ ಅನ್ನುತ್ತಿದ್ದವು. ನನ್ನ ಯಜಮಾನರಿಗೆ ಅಲ್ಲೇ ಕೆಲಸ. ಎತ್ತಿ ಕೂರಿಸುವುದು, ಮೈ ಒರೆಸುವುದು, ಸಂಡಾಸದ ಡಬ್ಬಿ ತೊಳೆಯುವುದು ಎಲ್ಲ ಸೊಸೆಯ ಪಾಲಿಗೆ ಬಂತು. ಅವಳ ಮುಖ ನೋಡಲು ನಾಚಿಕೆಯಾಗಿ ನಾನು ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೆ.

ನನ್ನ ತವರೂರು ಮಹಾಗಾಂವದಿಂದ ಅವ್ವ ದಿನಾ ಬೆಳಿಗ್ಗೆ ಎಮ್ಮೆ ಹಿಂಡಿದ ಮೇಲೆ ಫೋನು ಮಾಡುತ್ತಿದ್ದಳು. ಒಂದು ದಿನ ಅದು ಬರಲಿಲ್ಲ. ಮರುದಿನವೂ ಇಲ್ಲ. ನಾನೇ ಮಾಡಿದೆ. ಎತ್ತಿದವನು ತಮ್ಮ.

"ಅವ್ವ ಹೊಲಕ್ಕ ಹೋಗ್ಯಾಳ, ಅಕ್ಕಾ."

"ಇಂಥಾ ಮಳ್ಯಾಗ?"

"ರೇಂಜ್ ಇಲ್ಲ," ಎಂದು ಅವನು ಇಟ್ಟುಬಿಟ್ಟ. ಮತ್ತೊಮ್ಮೆ ಮಾಡಿದರೆ ಮಲಗಿದ್ದಾಳೆ ಎಂದ. ಹಗಲಲ್ಲಿ ಮಲಗುವ ಹೆಂಗಸಲ್ಲ ಅವಳು.

ಆಮೇಲೆ ಮನೆಯಲ್ಲಿ ಗುಸುಗುಸು ಶುರುವಾಯಿತು. ಸೊಸೆ ಫೋನು ಹಿಡಿದು ಅಂಗಳಕ್ಕೆ ಹೋಗುವಳು. ನಾನು ಕೇಳಿದರೆ "ನಮ್ಮ ತವರಮನಿದರಿ, ಅತ್ತಿ" ಎನ್ನುವಳು. ಎದ್ದು ಬಾಗಿಲ ಹಿಂದೆ ನಿಂತು ಕೇಳೋಣವೆಂದರೆ ಕಾಲಿಲ್ಲ. ಮಹಾಗಾಂವದ ಹತ್ತಿರದ ಗಡಹಿಂಗ್ಲಜಕ್ಕೆ ಕೆಲಸವಿದೆ ಎಂದು ಹೋದ ಯಜಮಾನರು ಸಂಜೆ ಬಂದವರು ಒಳಗೆ ಕಾಲಿಡಲಿಲ್ಲ. ನೇರ ಹಿತ್ತಲಿಗೆ ಹೋಗಿ ಸ್ನಾನ ಮಾಡಿದರು. ತಣ್ಣೀರು ಸುರಿದುಕೊಳ್ಳುವ ಸಪ್ಪಳ ಮಂಚದವರೆಗೆ ಕೇಳಿತು. ಹಾಗೆ ಹೊರಗೇ ಮೀಯುವುದು ಎಲ್ಲಿಂದ ಬಂದಾಗ ಎಂದು ಯಾರಿಗೆ ಗೊತ್ತಿಲ್ಲ?

ಒಳಗೆ ಬಂದು ಒಂದು ಡಬ್ಬಿ ಕೊಟ್ಟರು. "ನಿಮ್ಮವ್ವ ಶೇಂಗಾ ಹೋಳಿಗಿ ಕಳಿಸ್ಯಾಳ."

ಒಂದು ತುಣುಕು ಬಾಯಿಗಿಟ್ಟೆ. ಅವ್ವನ ಕೈಯದಲ್ಲ. ಅವಳು ಬೆಲ್ಲ ಜಾಸ್ತಿ ಹಾಕಿ ದಪ್ಪಗೆ ಲಟ್ಟಿಸುತ್ತಾಳೆ. ಇವು ತಮ್ಮನ ಹೆಂಡತಿಯ ತೆಳ್ಳನೆಯ ಹೋಳಿಗೆ. ಉಳಿದದ್ದನ್ನು ಡಬ್ಬಿಗೇ ಹಾಕಿದೆ.

"ಮಣ್ಣಿಗೆ ಹೋಗಿ ಬಂದ್ರಲ್ಲ, ನನಗ ಯಾಕ ಹೇಳಲಿಲ್ಲ?"

"ಯಾರ ಮಣ್ಣಿಗೆ?"

"ನಮ್ಮವ್ವನ ಮಣ್ಣಿಗೆ."

ಅವರು ಹಣೆ ಹಣೆ ಬಡಿದುಕೊಂಡು ಮಂಚದ ತುದಿಗೆ ಕುಳಿತರು. "ಹುಚ್ಚಿ, ನಿಮ್ಮವ್ವ ಬದುಕ್ಯಾಳ. ದನದ ಕೊಟ್ಟಿಗ್ಯಾಗ ಬಿದ್ದು ಟೊಂಕದ ಎಲುಬು ಬಿರಿಕ ಬಿಟ್ಟೈತಿ. ಅಕಿನೂ ನಿನ್ನಂಗ ಮಲಗ್ಯಾಳ. ಹೇಳಿದ್ರ ನೀ ಎದ್ದು ಹೊಂಟಬಿಡ್ತಿ ಅಂತ ಮುಚ್ಚಿಟ್ಟಿವಿ."

"ಸುಳ್ಳು. ತೋರಸ್ರಿ."

ಸೊಸೆ ವಿಡಿಯೋ ಕಾಲ್ ಹಚ್ಚಿದಳು. ತಮ್ಮನ ಮುಖ ಕಾಣುವ ಮೊದಲೇ ಅವ್ವನ ದನಿ ಕೇಳಿತು: "ಅಕಿ ಅದಾಳೋ ಇಲ್ಲೋ, ಖರೇ ಹೇಳ್ರಿ! ಅಳಿಯಂದ್ರು ಬಂದು ನನ್ನ ಮುಖಾನೂ ನೋಡದ ಹೋದ್ರು." ಅವಳಿಗೂ ನನ್ನ ಕಾಲಿನ ವಿಷಯ ಯಾರೂ ಹೇಳಿರಲಿಲ್ಲ, ದಿನಾ ಮಾತಾಡುವಾಗ ನಾನೂ ಜ್ವರ ಎಂದಷ್ಟೇ ಹೇಳಿದ್ದೆ. ಯಾರೋ ನೆರೆಯಾಕೆ ಕಾಲಿನ ಸುದ್ದಿ ಮುಟ್ಟಿಸಿದ್ದಳು.

ಫೋನಿನಲ್ಲಿ ನನ್ನನ್ನು ಕಂಡೂ ಅವಳು ನಂಬಲಿಲ್ಲ.

"ಎದ್ದ ನಿಂದ್ರ, ನೋಡೂನು."

"ನಿಂದ್ರಾಕ ಬರೂದಿಲ್ಲವ್ವ."

"ಹಂಗಾರ ಕಾಲ ತಗದಾರ! ಹೊದಿಕಿ ಸರಸು."

ಸೊಸೆ ಹೊದಿಕೆ ಸರಿಸಿ ಒಂದು ಪಾದ ತೋರಿಸಿದಳು, ಆಮೇಲೆ ಇನ್ನೊಂದು.

"ಒಂದ ಕಾಲ ಎರಡ ಸರ್ತಿ ತೋರಸಬ್ಯಾಡ. ಎರಡೂ ಕೂಡಿ ತೋರಸು. ಬೆರಳ ಅಳ್ಳಾಡಸು."

ನಾನು ಅಳ್ಳಾಡಿಸಿದೆ. ಊದಿಕೊಂಡ ಬೆರಳುಗಳು ನೋವಿನಲ್ಲೇ ಕದಲಿದವು. ಆಗ ಅವಳು ಅತ್ತಳು. ನಾನೂ ಅತ್ತೆ, ಆದರೆ ಅಳುತ್ತಲೇ, "ಈಗ ನೀ ಮಗ್ಗಲಾಗಿ ತೋರಸು," ಎಂದೆ.

ಆ ಸಂಜೆ ಹಿತ್ತಲಲ್ಲಿ ಯಾಕೆ ಮಿಂದಿರಿ ಎಂದು ಆಮೇಲೊಮ್ಮೆ ಯಜಮಾನರನ್ನು ಕೇಳಿದೆ. ಗಾಡಿ ಜಾರಿ ಮೈಯೆಲ್ಲ ಕೆಸರಾಗಿತ್ತು, ನಿನಗೆ ಹೆದರಿ ಹೇಳಲಿಲ್ಲ ಎಂದರು. ಈಗ ನಾನು ವಾಕರ್ ಬಿಟ್ಟು ನಡೆಯುತ್ತೇನೆ. ತಾನೂ ಅಂಗಳದಲ್ಲಿ ಅಡ್ಡಾಡುತ್ತಿದ್ದೇನೆಂದು ಅವ್ವ ಹೇಳುತ್ತಾಳೆ. ಹೌದೇ ಎಂದು ತಮ್ಮನ ಹೆಂಡತಿಗೆ ಬೇರೆಯಾಗಿ ಫೋನು ಮಾಡಿ ಕೇಳುತ್ತೇನೆ.